ರಾಶಿಯ ಮುಂದೆ ನಾನು ಹುಟ್ಟಿಸಿದ ಮಾತು

ಮೂಗನೊಬ್ಬ ಕೊಳಗ ಹಿಡಿದು ಅಳೆದರೆ ರಾಶಿ ಹುಲುಸಾಗುತ್ತದೆ ಎಂಬ ಮಾತು ಸುಳ್ಳು. ಮೂಗ ಕಣದಲ್ಲಿ ಬಾಯಿ ತೆರೆದರೆ ಆ ಹುಲುಸು ಹೋಗಿಬಿಡುತ್ತದೆ ಎಂಬ ಮಾತೂ ಸುಳ್ಳು. ಎರಡನ್ನೂ ಹುಟ್ಟಿಸಿದವನು ನಾನು. ಮೊದಲನೆಯದನ್ನು ಒಬ್ಬನಿಗೆ ಅನ್ನ ಸಿಗಲಿ ಎಂದು ಹುಟ್ಟಿಸಿದೆ. ಎರಡನೆಯದನ್ನು — ಅದನ್ನು ಯಾಕೆ ಹುಟ್ಟಿಸಿದೆ ಎಂದು ಹೇಳಲಿಕ್ಕೇ ಇಷ್ಟು ವರ್ಷ ಬೇಕಾಯಿತು.

ನಾನು ರಾಜೂರಿನ ಅಯ್ಯ. ಸುಗ್ಗಿ ಬಂತೆಂದರೆ ಕಣದಿಂದ ಕಣಕ್ಕೆ ತಿರುಗುವವನು. ಕಣದ ನಡುವಿನ ಮೇಟಿ ಕಂಬಕ್ಕೆ ಪೂಜೆ ಮಾಡಿ, ರಾಶಿಗೆ ವಿಭೂತಿ ಹಚ್ಚಿ, ನನ್ನ ಪಾಲಿನ ಆಯದ ಜೋಳವನ್ನು ಜೋಳಿಗೆಗೆ ಹಾಕಿಸಿಕೊಂಡು ಬರುವುದು ತಂದೆಯಿಂದ ನನಗೆ ಬಂದ ಕೆಲಸ. ಓದಿಕೊಂಡದ್ದು ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ನಾನು ಅಂದದ್ದಕ್ಕೆ ಎದುರಾಡಿದವರು ಊರಲ್ಲಿ ಇಲ್ಲ, ಎದುರಾಡಿದರೆ ನನಗೆ ಸೇರುವುದೂ ಇಲ್ಲ. ಈಗ ಇದನ್ನೆಲ್ಲ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಕಣ ಮಾಡುವ ನಿಮಗೆ ಹೇಳುತ್ತಿದ್ದೇನೆ — ಆಳು ಕರೆಯುವವರು ನೀವು, ಆಳನ್ನು ಹೊರಗೆ ಹಾಕುವವರೂ ನೀವೇ.

ನಮ್ಮ ಓಣಿಯಲ್ಲಿ ನಿಂಗವ್ವ ಎಂಬ ವಿಧವೆ ಇದ್ದಳು. ಕಂಡವರ ಹೊಲದಲ್ಲಿ ಕಳೆ ಕಿತ್ತು, ತೆನೆ ಕೊಯ್ದು ಬದುಕುತ್ತಿದ್ದವಳು. ಅವಳಿಗೆ ಒಬ್ಬನೇ ಮಗ, ಫಕೀರಪ್ಪ. ಹುಟ್ಟಾ ಕಿವುಡ, ಅದರಿಂದ ಮಾತೂ ಬಂದಿರಲಿಲ್ಲ. ಊರಿಗೆಲ್ಲ ಅವನು ಮೂಗ, ಅಷ್ಟೇ. ಫಕೀರಪ್ಪ ಎಂದು ಕರೆಯುತ್ತಿದ್ದವಳು ತಾಯಿ ಒಬ್ಬಳೇ, ಅದೂ ಅವನಿಗೆ ಕೇಳುತ್ತಿರಲಿಲ್ಲ. ಆಗ ಅವನಿಗೆ ಇಪ್ಪತ್ತು ದಾಟಿತ್ತು. ಈಗ ನನಗೆ ಪಶ್ಚಾತ್ತಾಪವಾಗಿದೆ ಎಂದು ಅವನಿಗೆ ಇಲ್ಲದ ಗುಣವನ್ನೆಲ್ಲ ಹಚ್ಚುವುದಿಲ್ಲ. ಎಲ್ಲ ಆಳುಗಳಂತೆ ದುಡಿಯಬಲ್ಲವನಾಗಿದ್ದ. ಎಲ್ಲ ಆಳುಗಳಂತೆ ನೆರಳು ಕಂಡರೆ ಕೂರುತ್ತಿದ್ದ, ಹೋಳಿಗೆ ಕಂಡರೆ ಹಿಗ್ಗುತ್ತಿದ್ದ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಒಂದು ದಿನ ನಿಂಗವ್ವ ನನ್ನ ಕಟ್ಟೆಯ ಕೆಳಗೆ ಬಂದು ನಿಂತಳು.

"ಅಯ್ಯಾರ, ನಿಮ್ಮ ಮಾತು ನಡಿಯೂ ಊರಿದು. ನನ್ನ ಮಗಗ ಒಂದು ಕೂಲಿ ಹಚ್ಚಿಸಿಕೊಡ್ರಿ. ನಾ ಇರೂತನಕ ಹ್ಯಾಂಗರ ನಡೀತೈತಿ. ನಾ ಹ್ವಾದ ಮ್ಯಾಲ ಅವನ ಗತಿ ಏನ್ರಿ?"

ಅದಕ್ಕೆ ನಾನು ಮೊದಲು ಮಾಡಿದ್ದು ಸರಿಯಾದ ಕೆಲಸವೇ. ನೆಟ್ಟಗೆ ಗೌಡರ ಮನೆಗೆ ಹೋದೆ. ಬಸನಗೌಡರು ನಮ್ಮೂರಿನ ದೊಡ್ಡ ಕುಳ. ಅವರ ಕಣದಲ್ಲಿ ಕೆಲಸ ಸಿಕ್ಕವನಿಗೆ ಉಳಿದ ಕಣಗಳ ಬಾಗಿಲೂ ತೆರೆಯುತ್ತಿತ್ತು. ಆಳು ಗಟ್ಟಿ ಇದ್ದಾನೆ, ಕೈಸನ್ನೆ ಮಾಡಿದರೆ ತಿಳಿಯುತ್ತದೆ, ಒಂದು ಸುಗ್ಗಿ ನೋಡಿ, ಬೇಡವಾದರೆ ಬಿಡಿ ಎಂದೆ.

"ನೀವು ಹೇಳೂದು ಖರೇ ಇದ್ದೀತ್ರಿ ಅಯ್ಯಾರ. ಆದ್ರ ಕೂಗಿದ್ರ ಕೇಳಂಗಿಲ್ಲ, ಬೈದ್ರ ತಿಳಿಯಂಗಿಲ್ಲ. ನಾಳೆ ಎತ್ತು ಹಾಯ್ದ್ರ ಪಾಪ ಯಾರ ಕೊಳ್ಳಿಗಿ?"

"ಬೈಯಾಕ ಆಳು ಇಡತೀರೋ, ದುಡಿಯಾಕ ಇಡತೀರೋ?" ಎಂದೆ.

"ಎರಡಕ್ಕೂರಿ" ಎಂದು ಅವರು ನಕ್ಕರು. ನಾನೂ ನಕ್ಕೆ. ಎಲೆ ಅಡಿಕೆ ಹಾಕಿಕೊಂಡು ಎದ್ದು ಬಂದೆ. ಆಮೇಲೆ ಇನ್ನಿಬ್ಬರನ್ನು ಕೇಳಿದೆ, ಅವರದೂ ಅದೇ ಉತ್ತರ. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಆ ಹುಡುಗನಿಗೆ ರೊಟ್ಟಿ ಸಿಗುವುದಿಲ್ಲ ಎಂಬುದು ನನಗೆ ಅಲ್ಲಿಗೆ ಖಾತ್ರಿಯಾಯಿತು — ಇನ್ನಷ್ಟು ಸಲ ಕೇಳಬೇಕಾಗಿತ್ತು. ಕೇಳಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ನನಗೆ ಆಗದ ಮಾತು.

ರಾಶಿ ಅಳೆಯುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು ಎಂಬ ಪದ್ಧತಿ ನಿಮಗೆ ಗೊತ್ತೇ ಇದೆ. ಅಳೆಯುವವನು ಕಾಲಲ್ಲಿನ ಕಾಲ್ಮರಿ ಕಳಚಿಟ್ಟು, ಮಡಿಯಲ್ಲಿ ಕೂತು ಕೊಳಗ ತುಂಬುತ್ತಾನೆ; ಸುತ್ತ ನಿಂತವರು ಕೆಮ್ಮನ್ನೂ ನುಂಗಿಕೊಳ್ಳುತ್ತಾರೆ. ಸದ್ದು ಕೇಳಿದರೆ ಭೂತಗಳು ಬಂದು ಹುಲುಸು ಎತ್ತಿಕೊಂಡು ಹೋಗುತ್ತವೆ ಎಂದು ನಂಬಿಕೆ. ಕಣದಲ್ಲಿ ಕಾಳು ಮುಗಿದರೂ ಮುಗೀತು ಎನ್ನಬಾರದು, ಹೆಚ್ಚಾತು ಎನ್ನಬೇಕು. ಇಂಥ ಕಡೆ ಮಾತಿಗೆ ಎಷ್ಟು ಬೆಲೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಆ ವರ್ಷ ಗೌಡರ ಕಣದಲ್ಲಿ ಮೇಟಿ ಪೂಜೆ ಮುಗಿಸಿ, ಜನ ಎಲ್ಲ ಸೇರಿದ್ದಾಗ, ಸುಮ್ಮನೆ ಏನೋ ನೆನಪಾದವನಂತೆ ಅಂದೆ:

"ಗೌಡ್ರ, ರಾಶಿ ಮುಂದ ಹಿರೇರು ಮಾತು ಯಾಕ ಬ್ಯಾಡ ಅಂದ್ರು? ಮಾತಿನ ಬೆನ್ನ ಹತ್ತಿ ಹುಲುಸು ಹೊರಗ ಹೋಗತೈತಿ ಅಂತ. ಹುಟ್ಟಿದಾಗಿಂದ ಒಂದು ಮಾತೂ ಆಡದಾಂವ ಕೊಳಗ ಹಿಡದ್ರ—"

ಅಷ್ಟೇ ಅಂದೆ. ಉಳಿದದ್ದನ್ನು ಅವರೇ ಪೂರ್ತಿ ಮಾಡಿಕೊಂಡರು.

"ಹೌದಲ್ರೀ ಅಯ್ಯಾರ! ಇದು ನಮಗ ಹೊಳದಾ ಇರಲಿಲ್ಲ ನೋಡ್ರಿ. ಕರಸ್ರೋ ಆ ನಿಂಗವ್ವನ ಮಗನ್ನ!"

ಕರೆಸಿದರು. ಸ್ನಾನ ಮಾಡಿಸಿ, ಹೊಸ ಧೋತರ ಉಡಿಸಿ, ಕೊಳಗ ಕೈಗೆ ಕೊಟ್ಟರು. ಅಳೆಯುವುದೇನು ಬ್ರಹ್ಮವಿದ್ಯೆಯೇ? ಅಳೆದ. ಆ ವರ್ಷ ಹಿಂಗಾರಿ ಮಳೆ ಹೊತ್ತಿಗೆ ಸರಿಯಾಗಿ ಬಿದ್ದಿತ್ತು, ತೆನೆಗಳು ಮುಷ್ಟಿಗಾತ್ರ ಇದ್ದವು, ರಾಶಿ ಗೌಡರ ಅಂದಾಜು ದಾಟಿತು. ಮಳೆಯನ್ನು ಯಾರೂ ನೆನೆಯಲಿಲ್ಲ, ಮೂಗನನ್ನು ನೆನೆದರು. ಮರುದಿನದಿಂದ ನಿಂಗವ್ವನ ಗುಡಿಸಲಿನ ಮುಂದೆ ಕಣದವರು ಬಂದು ನಿಲ್ಲತೊಡಗಿದರು. ಮುಂದಿನ ಸುಗ್ಗಿಗೆ ಗಜೇಂದ್ರಗಡದಿಂದ ಬಂಡಿ ಬಂತು, ರೋಣದಿಂದಲೂ ಬಂತು. ನನಗೆ ಹೆಮ್ಮೆ ತಡೆಯಲಾಗುತ್ತಿರಲಿಲ್ಲ. ಮಂದಿ ಸತ್ಯ ಹೇಳಿ ಕೆಡಿಸುತ್ತಾರೆ, ನಾನು ಒಂದು ಸುಳ್ಳಿನಿಂದ ಮನೆ ಕಟ್ಟಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಅದು ಮನೆಯಲ್ಲ ಎಂದು ಮೊದಲು ಹೇಳಿದವಳು ನಿಂಗವ್ವ. ಮಳೆಗಾಲದಲ್ಲಿ ಬಂದು ಅದೇ ಕಟ್ಟೆಯ ಕೆಳಗೆ ನಿಂತಳು.

"ಅಯ್ಯಾರ, ನನ್ನ ಮಗಗ ಕೂಲಿ ಕೊಡಸ್ರಿ ಅಂದಿದ್ದೆ, ಪೂಜಿ ಮಾಡಸ್ರಿ ಅಂದಿದ್ದಿಲ್ಲ. ಕಳೇಕ ಕರಿಯಂಗಿಲ್ಲ, ಬಿತ್ತಾಕ ಕರಿಯಂಗಿಲ್ಲ. ರಾಶಿ ಅಳಿಯೂ ಕೈಲೆ ಕಳೆ ಕೀಳಸಬಾರದು ಅಂತಾರ್ರಿ. ವರ್ಷಕ್ಕ ಎರಡು ತಿಂಗಳ ದೇವರು, ಹತ್ತು ತಿಂಗಳ ಉಪಾಸ."

ಆಗಲೇ ನಾನು ಎದ್ದು ನಾಲ್ಕು ಮನೆಗೆ ಹೋಗಿ, ಇವನೂ ಒಬ್ಬ ಆಳು, ಕೆಲಸ ಕೊಡಿ ಅಂದಿದ್ದರೆ ನಡೆಯುತ್ತಿತ್ತು. ಆಗ ನನ್ನ ಮಾತಿಗೆ ತೂಕ ಇತ್ತು. ಆದರೆ ನನಗೆ ಸಿಟ್ಟು ಬಂತು.

"ಬೆರಳು ತೋರಿಸಿದ್ರ ಹಸ್ತ ನುಂಗತಿಯಲ್ಲ ನೀ! ಸಿಕ್ಕಿದ್ದು ಸಾಲದೇನು?" ಎಂದು ಬೈದು ಕಳಿಸಿದೆ. ಅವಳು ಕೈ ಮುಗಿದು ಹೋದಳು.

ಆದರೂ ಅವಳ ಗುಡಿಸಲಿಗೆ ಆ ವರ್ಷ ಒಂದು ಒಳ್ಳೆಯ ಸುದ್ದಿ ಬಂದಿತ್ತು. ಗಜೇಂದ್ರಗಡದ ಒಂದು ಕೂಲಿ ಮನೆತನದವರು ಫಕೀರಪ್ಪನಿಗೆ ಮಗಳನ್ನು ಕೊಡಲು ಮನಸ್ಸು ಮಾಡಿದ್ದರು. ಕಣದ ಕೆಲಸ ಇದೆ, ಮಂದಿ ಮರ್ಯಾದೆ ಕೊಡುತ್ತಾರೆ, ಹುಡುಗ ಕುಡಿಯುವುದಿಲ್ಲ — ಇನ್ನೇನು ಬೇಕು ಎಂದಿದ್ದರಂತೆ. ಸುಗ್ಗಿ ಆದಮೇಲೆ ನಿಶ್ಚಯದ ವೀಳ್ಯ ಎಂದು ಮಾತಾಗಿತ್ತು. ಹೆಣ್ಣು ಬರುತ್ತಾಳೆಂದು ತಾಯಿ ಸನ್ನೆಯಲ್ಲಿ ಹೇಳಿದಾಗ ಅವನು ನಾಚಿಕೊಂಡು ಹಿತ್ತಲಿಗೆ ಓಡಿಹೋದನೆಂದು ನಿಂಗವ್ವ ನನ್ನ ಹೆಂಡತಿಯ ಮುಂದೆ ಹೇಳಿ ನಕ್ಕಿದ್ದಳು. ಇದು ನನಗೆ ಗೊತ್ತಿತ್ತು. ಎಲ್ಲಾ ಗೊತ್ತಿದ್ದೇ ಮಾಡಿದೆ.

ಇನ್ನು ಆ ದಿನದ ಮಾತು. ಸುಗ್ಗಿ, ಗೌಡರ ಕಣ, ಸಂಜೆಯ ಹೊತ್ತು. ಆ ವರ್ಷ ಜೋಳಕ್ಕೆ ಕಾಡಿಗೆ ರೋಗ ಬಿದ್ದಿತ್ತು. ಹೊಲದಲ್ಲಿ ನಿಂತಾಗಲೇ ಅರ್ಧಕ್ಕರ್ಧ ತೆನೆ ಕರ್ರಗಿದ್ದದ್ದನ್ನು ಎಲ್ಲರೂ ನೋಡಿದ್ದರು, ಗೌಡರೂ ನೋಡಿದ್ದರು. ಫಕೀರಪ್ಪ ಕೊಳಗ ಹಿಡಿದು ಕೂತಿದ್ದ. ನಾನು ರಾಶಿಗೆ ಬಗ್ಗಿ ಪತ್ರೆ ಏರಿಸುತ್ತಿದ್ದೆ. ಯಾರದೋ ಆಡಿನ ಮರಿ ಹಿಂದಿನಿಂದ ಬಂದು ನನ್ನ ರುಮಾಲಿನ ಚುಂಗನ್ನು ಬಾಯಿಗೆ ಹಾಕಿಕೊಂಡಿತು.

ಹಚಾ ಅನ್ನುವ ಹಾಗಿಲ್ಲ, ಮಾತು ಆಡಬಾರದು. ಜಗ್ಗಿದೆ. ಅದೂ ಜಗ್ಗಿತು. ಮತ್ತೆ ಜಗ್ಗಿದೆ. ಅದು ನಾಲ್ಕೂ ಕಾಲು ಊರಿ ನಿಂತಿತು. ರುಮಾಲು ಸುತ್ತುಸುತ್ತಾಗಿ ಬಿಚ್ಚಿಕೊಳ್ಳತೊಡಗಿತು. ಸುತ್ತ ನಿಂತವರೆಲ್ಲ ತುಟಿ ಕಚ್ಚಿಕೊಂಡು, ಭುಜ ಕುಣಿಸಿಕೊಂಡು, ಕೆಳಗೆ ಮುಖ ಹಾಕಿದ್ದರು — ನಾನು ಕಂಡೆ. ಕೊನೆಗೆ ರುಮಾಲು ಪೂರ್ತಿ ಉಚ್ಚಿ, ನಾನು ಬೋಳು ತಲೆಯಲ್ಲಿ ರಾಶಿಯ ಮೇಲೆ ಕೈ ಊರಿ ಬಿದ್ದೆ.

ಫಕೀರಪ್ಪ ನಕ್ಕ. ಹೊಟ್ಟೆ ತುಂಬ ನಕ್ಕ. ತನ್ನ ನಗೆ ತನಗೆ ಎಂದೂ ಕೇಳಿಸಿದವನಲ್ಲ, ಆದ್ದರಿಂದ ಅದನ್ನು ಅಡಗಿಸುವುದು ಅವನಿಗೆ ಗೊತ್ತಿರಲಿಲ್ಲ. ಆ ದನಿ ಒರಟಾಗಿ, ದೊಡ್ಡದಾಗಿ ಕಣ ತುಂಬಿತು. ನನ್ನ ಕಡೆ ಬೆರಳು ಮಾಡಿ, ಆಡಿನ ಕಡೆ ಬೆರಳು ಮಾಡಿ, ತೊಡೆ ತಟ್ಟಿಕೊಂಡು ನಕ್ಕ.

ನಾನು ರುಮಾಲು ಸುತ್ತಿಕೊಂಡೆ. ಅವನು ಕಣ್ಣೊರೆಸಿಕೊಂಡು ಅಳೆದ. ರಾಶಿ ಎಷ್ಟು ಬರಬೇಕಿತ್ತೋ ಅಷ್ಟೇ ಬಂತು, ಅಂದರೆ ಹಿಂದಿನ ವರ್ಷದ ಅರ್ಧ. ಗೌಡರು ಒಂದು ಹಿಡಿ ಕಾಳು ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಯ್ಯಾರ, ಮಾತಿಲ್ಲದಾಂವ ರಾಶಿ ಮುಂದ ಬಾಯಿ ತೆರದ್ನಲ್ಲ. ಇದರ ಅರ್ಥ ಏನ್ರಿ?"

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಫಕೀರಪ್ಪನೂ ನೋಡುತ್ತಿದ್ದ, ಇನ್ನೂ ಮುಖದಲ್ಲಿ ನಗೆ ಇತ್ತು. ಅರ್ಥ ಏನೂ ಇಲ್ಲ ಗೌಡ್ರ, ಆ ಮಾತು ನಾನು ಹುಟ್ಟಿಸಿದ್ದು, ಹುಡುಗ ನಕ್ಕ, ಜೋಳಕ್ಕೆ ರೋಗ ಬಿದ್ದಿತ್ತು — ಇಷ್ಟು ಹೇಳಿದ್ದರೆ ಸಾಕಿತ್ತು. ಬಹಳವಾದರೆ ನನ್ನ ಆಯ ತಪ್ಪುತ್ತಿತ್ತು, ನಾಲ್ಕು ದಿನ ನಗುತ್ತಿದ್ದರು.

"ಹುಲುಸು ಅವನ ಬಾಯಾಗ ಹೋತು" ಎಂದೆ.

ಆಯ ತಪ್ಪುತ್ತದೆಂದು ಹೆದರಿ ಹಾಗೆ ಅಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯಾದರೆ ಮಂದಿ ಕ್ಷಮಿಸುತ್ತಾರೆ. ಆದರೆ ಅದಲ್ಲ. ಅವನು ನನ್ನನ್ನು ನೋಡಿ ನಕ್ಕಿದ್ದ. ನಾನು ಉಣ್ಣಲು ಹಚ್ಚಿದ ಮೂಗ ನನ್ನ ಬೋಳು ತಲೆ ನೋಡಿ ತೊಡೆ ತಟ್ಟಿ ನಕ್ಕಿದ್ದ — ಅಷ್ಟೇ ನೋಡಿ. ಅಷ್ಟಕ್ಕೆ ಒಬ್ಬನ ಬಾಳು ತೆಗೆದೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಅವನ ಕೈಯಿಂದ ಕೊಳಗ ಕಸಿದುಕೊಂಡರು. ಒಬ್ಬ ಅವನ ಬಾಯಿಗೇ ಹೊಡೆದ. ಅವನು ಏನೂ ತಿಳಿಯದೆ ನನ್ನ ಹತ್ತಿರ ಓಡಿ ಬಂದ — ನನ್ನ ಹತ್ತಿರ! ನಾನು ಪಕ್ಕಕ್ಕೆ ಸರಿದೆ. ಆಮೇಲೆ ಜನ ಅವನ ಬಾಯಿ ತೋರಿಸಿ, ಕಾಳು ತೋರಿಸಿ, ಕೈ ಬರಿದು ಮಾಡಿ ತೋರಿಸಿದರು. ಅದು ಅವನಿಗೆ ತಿಳಿಯಿತು. ಅಷ್ಟು ಚೆನ್ನಾಗಿ ಅವನಿಗೆ ಯಾರೂ ಏನನ್ನೂ ಎಂದೂ ತಿಳಿಸಿ ಹೇಳಿರಲಿಲ್ಲ.

ಗಜೇಂದ್ರಗಡದವರು ವೀಳ್ಯಕ್ಕೆ ಬರಲಿಲ್ಲ. ನಿಂಗವ್ವ ಮೂರನೆಯ ಸಲ ಬಂದಳು. ಈ ಸಲ ಕಟ್ಟೆಯ ಕೆಳಗೆ ನಿಲ್ಲಲಿಲ್ಲ, ಬೀದಿಯಲ್ಲೇ ನಿಂತಳು.

"ದೇವರು ವರ ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರ್ರಿ. ನೀವು ಕೊಟ್ಟೂ ಕಸಗೊಂಡ್ರಿ" ಎಂದಳು. ಬೈಯುವ ದನಿಯೂ ಅದರಲ್ಲಿ ಇರಲಿಲ್ಲ. ನಾನು ಬಾಗಿಲು ಹಾಕಿಕೊಂಡೆ.

ಹಿಂದೆ ಅವನು ಬರೀ ಮೂಗ. ಕೆಲಸ ಕೊಡದಿದ್ದರೂ ಒಂದು ರೊಟ್ಟಿ ಕೊಡುತ್ತಿದ್ದರು. ಈಗ ಅವನು ಕಾಳು ತಿನ್ನುವ ಬಾಯಿ. ಅಂಗಳದಲ್ಲಿ ಕಾಳು ಹರವಿದ್ದರೆ ಅವನು ದಾಟುವುದನ್ನು ಕಂಡು ಹೆಂಗಸರು ಕಾಳಿನ ಮೇಲೆ ಸೆರಗು ಮುಚ್ಚುತ್ತಿದ್ದರು. ತಾಯಿ ಮಗ ಊರು ಬಿಟ್ಟರು. ರೋಣಕ್ಕೆ ಹೋದರೆ ಅಲ್ಲಿಗೆ ಸುದ್ದಿ ಮುಂಚೆಯೇ ಹೋಗಿತ್ತು. ಕಾಳಿನ ಬಂಡಿಗಳ ಜೊತೆ ಸುದ್ದಿ ಹೋಗುವುದಕ್ಕೆ ಎಷ್ಟು ಹೊತ್ತು? ನರಗುಂದದ ಪೇಟೆಯಲ್ಲಿ ಕೆಲವು ದಿನ ಚೀಲ ಹೊತ್ತನಂತೆ. ನಮ್ಮ ಕಡೆಯವನೊಬ್ಬ ಗುರುತು ಹಿಡಿದ, ಅಲ್ಲಿಂದಲೂ ಅಟ್ಟಿದರು. ನರಗುಂದದ ಕೋಟೆಯಲ್ಲಿ ಗದ್ದಲ ಎದ್ದ ವರ್ಷ ನಿಂಗವ್ವ ದಾರಿಯಲ್ಲೇ ಎಲ್ಲೋ ತೀರಿಕೊಂಡಳು ಎಂದು ಕೇಳಿದೆ. ಎಲ್ಲಿ, ಯಾರು ಮಣ್ಣು ಮಾಡಿದರು — ಗೊತ್ತಿಲ್ಲ.

ಆ ಸುದ್ದಿ ಕೇಳಿದ ಮೇಲೆ ನಾನು ಗೌಡರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಎರಡೂ ಮಾತು ನನ್ನವು, ಯಾವ ಹಿರಿಯರವೂ ಅಲ್ಲ, ಅವನು ನಿರಪರಾಧಿ, ಅವನನ್ನು ಕರೆಸಿ ಕೆಲಸ ಕೊಡಿ ಎಂದೆ. ಹೇಳುತ್ತಾ ಅತ್ತೆ ಕೂಡ. ಗೌಡರು ಎದ್ದು ನನ್ನ ಕಾಲು ಮುಟ್ಟಿದರು.

"ನಿಮ್ಮದು ತಾಯಿ ಕರುಳು ಅಯ್ಯಾರ. ಆ ಮೂಗನ ಮ್ಯಾಲಿನ ಕನಿಕರಕ್ಕ ತಪ್ಪು ನಿಮ್ಮ ತಲೀ ಮ್ಯಾಲ ಹೊತಗೊಳ್ಳಾಕ ಬಂದೀರಿ. ಬಿಡ್ರಿ, ಸುಳ್ಳು ಹೇಳಾಕ ನಿಮಗ ಬರಂಗಿಲ್ಲ."

ಒಳಗಿನಿಂದ ಜೋಳ ತರಿಸಿ ನನ್ನ ಜೋಳಿಗೆಗೆ ಹಾಕಿಸಿದರು. ಬೇಡ ಎಂದೆ, ಕೇಳಲಿಲ್ಲ. ಅದನ್ನೂ ಹೊತ್ತುಕೊಂಡು ಬಂದೆ.

ಆಮೇಲೆ ಕಂಡ ಕಂಡ ಕಣದಲ್ಲಿ ಹೇಳಿದೆ. ಕೆಲವರು ನಕ್ಕರು, ಕೆಲವರು ಅಯ್ಯಗೆ ವಯಸ್ಸಾಯಿತು ಎಂದರು. ಕಂಪನಿ ಸರಕಾರ ಹೋಗಿ ರಾಣಿ ಸರಕಾರ ಬಂತೆಂದು ಡಂಗುರ ಹೊಡೆದರಲ್ಲ, ಅದರ ಮುಂದಿನ ಸುಗ್ಗಿಯಲ್ಲಿ ನರಗುಂದದ ಹತ್ತಿರ ಒಂದು ಕಣಕ್ಕೆ ಹೋಗಿದ್ದೆ. ತೆನೆ ಕೊಯ್ಯಲು ಬಂದಿದ್ದ ಒಬ್ಬ ಮೂಗಿ ಹೆಂಗಸನ್ನು ರಾಶಿಯ ಹೊತ್ತಿಗೆ ಬೇಲಿಯ ಆಚೆ ಕಳಿಸಿದರು. ಅವಳ ಪಾಲಿನ ಕಾಳನ್ನೂ ಕಣದಲ್ಲಿ ಕೊಡಲಿಲ್ಲ, ನಾಳೆ ಬಾ ಎಂದರು. ಯಾಕೆ ಎಂದು ಕೇಳಿದೆ.

"ಪದ್ಧತಿರಿ ಅಯ್ಯಾರ. ನಮ್ಮಜ್ಜನ ಕಾಲದಿಂದ ಐತಿ" ಎಂದ ಕಣದ ಯಜಮಾನ.

"ನಿಮ್ಮಜ್ಜನ ಕಾಲದ್ದಲ್ಲೋ ತಮ್ಮಾ, ಅದು ನಂದು! ಮೊನ್ನೆ ಮೊನ್ನೆ ನಾನಾ ಹುಟ್ಟಿಸಿದ್ದು!" ಎಂದು ಕೂಗಿದೆ. ಅವನು ಕೈ ಮುಗಿದು, ರಾಶಿ ಮುಂದೆ ಕೂಗಬಾರದು ಎಂದು ಮೆಲ್ಲಗೆ ಹೇಳಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಇನ್ನೊಮ್ಮೆ ನಿಮಗೆ ಹೇಳುತ್ತೇನೆ. ಕಿವುಡನೋ ಕುಂಟನೋ ಕುರುಡನೋ ಕೂಲಿ ಕೇಳಿ ಬಂದರೆ ಅವನು ಯಾವ ಕೆಲಸ ಮಾಡಬಲ್ಲನೋ ಆ ಕೆಲಸ ಕೊಡಿ. ಶುಭ ಎಂದು ಕರೆಯಬೇಡಿ, ಪುಣ್ಯ ಬರುತ್ತದೆ ಎಂದೂ ಕರೆಯಬೇಡಿ. ಎಲ್ಲ ಆಳಿಗೆ ಕೊಡುವಷ್ಟೇ ಕೂಲಿ ಕೊಡಿ, ತಪ್ಪಿದರೆ ಎಲ್ಲ ಆಳಿಗೆ ಬೈಯುವಷ್ಟೇ ಬೈಯಿರಿ. ಇದನ್ನೇ ನಾನು ಮೊದಲ ದಿನ ಹೇಳಿ, ಹೇಳುತ್ತಲೇ ಇರಬೇಕಾಗಿತ್ತು. ನೀವು ಕೇಳುವಿರೆಂಬ ಆಸೆ ಈಗ ನನಗೆ ಹೆಚ್ಚೇನೂ ಇಲ್ಲ.

ಹೋದ ತಿಂಗಳು ರೋಣದ ಸಂತೆಗೆ ಹೋಗಿದ್ದೆ. ಕಾಳಿನ ಪೇಟೆಯ ಕೊನೆಯಲ್ಲಿ, ಗೋಡೆಗೆ ಒರಗಿ, ಒಬ್ಬ ಭಿಕ್ಷೆಗೆ ಕೂತಿದ್ದ. ಬಾಯಿಗೆ ಅಡ್ಡವಾಗಿ ಒಂದು ಅರಿವೆ ಕಟ್ಟಿಕೊಂಡಿದ್ದ. ಹಲ್ಲು ನೋವೋ ಏನೋ ಎಂದುಕೊಂಡೆ. ಚೀಲ ಇಳಿಸುತ್ತಿದ್ದ ಹಮಾಲ ಹೇಳಿದ:

"ಅಂವಾ ರಾಜೂರ ಮೂಗರಿ. ಯಾರೂ ಕಟ್ಟಿಲ್ಲ, ತಾನಾ ಕಟಗೊಂಡಾನ. ಕಾಳಿನ ಬಂಡಿ ಬಂದ್ರ ಗ್ವಾಡಿ ಕಡೆ ಮಾರಿ ಮಾಡಿ ನಿಂದರತಾನ ನೋಡ್ರಿ, ಪಾಪ."

ಫಕೀರಪ್ಪ ನನ್ನನ್ನು ಗುರುತಿಸಿದ. ಸಿಟ್ಟಾಗಲಿಲ್ಲ. ಎದ್ದು ಬಂದು ಕಾಲು ಮುಟ್ಟಿದ. ನಾನು ಅವನ ಬಾಯಿಯ ಅರಿವೆ ಬಿಚ್ಚಿದೆ. ಅವನು ಗಾಬರಿಯಾಗಿ ಸುತ್ತ ಕಾಳಿನ ಚೀಲಗಳನ್ನು ನೋಡಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ನಿನ್ನ ಬಾಯಲ್ಲಿ ಏನೂ ಇಲ್ಲ, ಅದೆಲ್ಲ ನಾನು ಹೇಳಿದ ಸುಳ್ಳು ಎಂಬುದನ್ನು ಕೈಯಲ್ಲಿ ಹೇಗೆ ಹೇಳುವುದು? ನನ್ನ ಎದೆ ಮುಟ್ಟಿ ತೋರಿಸಿದೆ, ನನ್ನ ಬಾಯಿ ತೋರಿಸಿದೆ, ಕೈ ಅಲ್ಲಾಡಿಸಿದೆ. ತಿಳಿಯಲಿಲ್ಲ. ಕೊನೆಗೆ ತುಂಬಿದ ಸಂತೆಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ನಾನು ಎರಡೂ ಕೈಯಿಂದ ನನ್ನ ಕಿವಿ ಹಿಡಿದುಕೊಂಡು ಅವನ ಮುಂದೆ ನಿಂತೆ.

ಅವನು ನನ್ನನ್ನು ನೋಡಿದ. ಆಮೇಲೆ ತಿಳಿಯಿತು ಎಂಬಂತೆ ಗೋಣು ಹಾಕಿ, ತನ್ನ ಎರಡೂ ಕಿವಿ ಹಿಡಿದುಕೊಂಡು, ಕಾಳಿನ ಚೀಲಗಳ ಕಡೆ ತಿರುಗಿ ಬಸ್ಕಿ ಹೊಡೆಯತೊಡಗಿದ. ಬೇಡ, ಬೇಡ ಎಂದು ನಾನು ಅವನ ಕೈ ಹಿಡಿದು ನಿಲ್ಲಿಸಿದೆ. ಕೈ ಬಿಟ್ಟ ಕೂಡಲೇ ಮತ್ತೆ ಕಿವಿ ಹಿಡಿದುಕೊಂಡ.